ಮುದುಕಿಯರ ಕಾಯಿಲೆ ಬಂತೆಂಬ ಸಂತೋಷ

ಎಲುಬು ಸವೆದಿದೆ ಎಂದು ಡಾಕ್ಟರು ಹೇಳಿದ್ದಕ್ಕೆ ಯಾರಾದರೂ ಖುಷಿಪಟ್ಟದ್ದನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಸಿಂದಗಿಯ ನಮ್ಮ ಮನೆ ಬಿಟ್ಟು ಬಂಟ್ವಾಳಕ್ಕೆ ಬಂದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಂಡೆ.

ಐವತ್ತರ ಆಸುಪಾಸಿನ ಹೆಂಗಸು. ತೆಳ್ಳಗಿನ ಮೈ, ಬೀಡಿ ಕಟ್ಟಿ ಕಟ್ಟಿ ತುದಿ ಹಳದಿಯಾದ ಬೆರಳುಗಳು. ನಮ್ಮ ಡಾಕ್ಟರು ಎಲುಬಿನ ಸ್ಕ್ಯಾನ್ ಚಿತ್ರವನ್ನು ಅವರ ಮುಂದೆ ಹಿಡಿದು, ಸೊಂಟದ ಹತ್ತಿರ ಎಲುಬು ತೆಳುವಾಗಿದೆ, ಇನ್ನು ಮೇಲೆ ಬೀಳದ ಹಾಗೆ ನೋಡಿಕೊಳ್ಳಬೇಕು ಎಂದು ಮೆತ್ತಗೆ ವಿವರಿಸುತ್ತಿದ್ದರು. ಇಂಥ ಮಾತು ಕೇಳಿ ಅಳುವವರಿಗೆ ನೀರು ಕೊಡುವುದು ನನ್ನ ಕೆಲಸ. ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಇದು ಯಾರಿಗೆ ಬರುವ ಕಾಯಿಲೆ ಡಾಕ್ಟ್ರೆ?" ಎಂದು ಆಕೆ ಕೇಳಿದರು.

"ಸಾಮಾನ್ಯವಾಗಿ ವಯಸ್ಸಾದವರಿಗೆ ಬರುತ್ತಮ್ಮ."

"ಅಂದ್ರೆ ಮುದುಕಿಯರಿಗೆ?"

"ಹೂಂ, ಹಾಗೇ ಅಂದ್ಕೊಳ್ಳಿ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು ನೋಡಿ, ಭುಜ ಎರಡೂ ಕುಣಿಯುವ ಹಾಗೆ! "ನೋಡಿ ಮಾರಾಯ್ರೆ, ನನಗೂ ಮುದುಕಿಯರ ಕಾಯಿಲೆ ಬಂತು. ನಾನು ಅಲ್ಲಿವರೆಗೆ ಬಂದು ಮುಟ್ಟಿದೆ ಅಂತ ಆಯ್ತಲ್ಲ!" ಎಂದು ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡು ಗಟಗಟ ಕುಡಿದರು.

ಇವರನ್ನು ನಾನು ಲೀಲಕ್ಕ ಎನ್ನುತ್ತೇನೆ. ಅದು ಅವರ ಹೆಸರಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಮೂಡುಬಿದಿರೆ ಹತ್ತಿರದ ವೇಣೂರಿನ ಕಡೆಯವರು ಎಂದರೆ ಸಾಕು. ಗಂಡ ಮುಂಬೈ ಹೋಟೆಲಿನಲ್ಲಿ ದುಡಿಯುತ್ತಿದ್ದವರು, ಎಚ್‌ಐವಿಯಿಂದ ತೀರಿಹೋದರು. ಆಗ ಇವರ ರಕ್ತವನ್ನೂ ಪರೀಕ್ಷಿಸಿದರು, ಇವರಲ್ಲೂ ಸೋಂಕಿತ್ತು. ಪುಟ್ಟ ಮಗಳಲ್ಲಿ ಇರಲಿಲ್ಲ. ಮಗಳು ಶಾಲೆ ಮುಗಿಸುವುದನ್ನು ನೋಡುವಷ್ಟು ಆಯುಷ್ಯ ಸಿಕ್ಕರೆ ದೊಡ್ಡದು ಎಂದು ಆ ಕಾಲದಲ್ಲಿ ಯಾರೋ ಹೇಳಿದ್ದರಂತೆ. ಆಮೇಲೆ ಸರಕಾರದ ಉಚಿತ ಮಾತ್ರೆ ಬಂತು. ಲೀಲಕ್ಕ ಒಂದು ದಿನವೂ ತಪ್ಪಿಸದೆ ನುಂಗಿದರು. ಮಗಳು ಶಾಲೆ, ಕಾಲೇಜು ಮುಗಿಸಿದಳು, ಅವಳ ಮದುವೆಯೂ ಆಯಿತು. ಈಗ ಇವರ ರಕ್ತದಲ್ಲಿ ವೈರಸ್ ಯಂತ್ರದ ಕಣ್ಣಿಗೂ ಬೀಳದಷ್ಟು ಅಡಗಿ ಕೂತಿದೆ.

ನಾನು ಕೆಲಸಕ್ಕೆ ಸೇರಿದ ವೈದ್ಯಕೀಯ ಅಧ್ಯಯನ ನಡೆಯುವುದು ಇಂಥವರ ಬಗ್ಗೆಯೇ. ಮಾತ್ರೆ ಜೀವ ಉಳಿಸಿತು, ಸರಿ. ಆದರೆ ಇಷ್ಟು ವರ್ಷ ಆ ಮಾತ್ರೆಯನ್ನೂ ಈ ಸೋಂಕನ್ನೂ ಒಟ್ಟಿಗೆ ಹೊತ್ತ ಮೈ ಏನಾಗುತ್ತದೆ? ಎಲುಬು, ಕಿಡ್ನಿ, ಹೃದಯ, ಸಕ್ಕರೆ ಇವೆಲ್ಲ ಹೇಗಿವೆ? ಯಾರಿಗೆ ಮಾತ್ರೆ ಬದಲಿಸಬೇಕು? ಬದಲಿಸಿದ ಮೇಲೆ ಸುಧಾರಿಸುತ್ತದೆಯೇ? ರಕ್ತ ತೆಗೆಯುವುದು, ಅವರ ಜೊತೆ ಕೂತು ಮಾತಾಡುವುದು, ಮುಂದಿನ ದಿನಾಂಕ ನೆನಪಿಸುವುದು ನನ್ನ ಪಾಲಿನ ಕೆಲಸ. ನಾನು ವಿಜಯಪುರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುವಾಗ ಎಚ್‌ಐವಿ ಎಂದರೆ ಗೋಡೆಯ ಮೇಲಿನ ಹೆದರಿಕೆಯ ಚಿತ್ರ. ಇಲ್ಲಿ ನೋಡಿದರೆ ಮಂಡಿನೋವಿನ ಬಗ್ಗೆ ಗೊಣಗುವ ಅಜ್ಜ, ಸಕ್ಕರೆ ಜಾಸ್ತಿ ಎಂದು ಹೇಳಿದರೂ ಹಲ್ವ ಬಿಡದ ಅಂಗಡಿಯ ಸಾಹೇಬರು. ಇಂಥ ಅದ್ಭುತವನ್ನು ನಮ್ಮೂರಲ್ಲಿ ಕೂತು ನಾನು ಊಹಿಸಿಯೂ ಇರಲಿಲ್ಲ.

ನಮ್ಮೂರಿನವರಿಗೆ ಈ ಊರಿನ ನಕ್ಷೆ ಹೇಗೆ ಹೇಳಲಿ? ನಮ್ಮಲ್ಲಿ ಎರೆ ಹೊಲ; ದೂರದಲ್ಲಿ ಯಾರು ಬರುತ್ತಿದ್ದಾರೆ ಎಂಬುದು ಅವರು ಹತ್ತಿರ ಬರುವ ಮುಂಚೆಯೇ ಗೊತ್ತು. ಮನೆಗೆ ಮನೆ ಅಂಟಿಕೊಂಡಿರುವುದರಿಂದ ಪಕ್ಕದವರ ಕುಕ್ಕರಿನ ಸೀಟಿ ನಮ್ಮದೇ ಎಂದು ಎದ್ದು ಹೋಗುತ್ತೇವೆ. ಇಲ್ಲಿ ಗುಡ್ಡ, ತಿರುವು, ಮತ್ತೆ ಗುಡ್ಡ. ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ. ಎಲಾ, ಗುಟ್ಟು ಇಟ್ಟುಕೊಳ್ಳಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಉಂಟೇ ಅಂದುಕೊಂಡೆ. ಆದರೆ ಯಾರು ಯಾವ ಬಸ್ಸಿನಲ್ಲಿ ಎಲ್ಲಿ ಇಳಿದರು ಎಂಬುದು ಇಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಅದಕ್ಕೇ ನಮ್ಮಲ್ಲಿಗೆ ಬರುವವರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮೂಡುಬಿದಿರೆಯವರು ಬಂಟ್ವಾಳಕ್ಕೆ ಬರುತ್ತಾರೆ, ಬಂಟ್ವಾಳದವರು ಬೆಳ್ತಂಗಡಿಗೆ ಹೋಗುತ್ತಾರೆ, ಬೆಳ್ತಂಗಡಿಯವರು ಮೂಡುಬಿದಿರೆಗೆ. ನಾವು ಮೂರೂ ಕಡೆ ವಾರದ ಬೇರೆ ಬೇರೆ ದಿನ ಕೂರುತ್ತೇವೆ. ತಮ್ಮೂರಿನಲ್ಲೇ ಸಿಗುವುದಕ್ಕೆ ಬಸ್ಸು ಬದಲಿಸಿ ಪಕ್ಕದ ತಾಲೂಕಿಗೆ ಬರುವ ಅವರ ತಾಳ್ಮೆ ನೋಡಿ ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಯಾರಿಗೆ ಹೆದರಿ ಇಷ್ಟು ಸುತ್ತು? ಆಮೇಲೆ ಅವರವರ ಮನೆಯ ಸಂಗತಿ ಕೇಳುತ್ತಾ ಹೋದ ಹಾಗೆ ಸಿಟ್ಟು ಇಳಿಯಿತು.

ನನ್ನ ಬಾಡಿಗೆ ಕೋಣೆ ಇರುವುದು ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಐಸಮ್ಮ ಎಂಬವರ ಮನೆಯ ಮಾಳಿಗೆಯಲ್ಲಿ. ಬ್ಯಾರಿ ಮನೆತನ, ಅಂದರೆ ಕರಾವಳಿಯ ಮುಸ್ಲಿಮರು; ಗಂಡುಮಕ್ಕಳು ಗಲ್ಫಿನಲ್ಲಿ, ಸೊಸೆಯಂದಿರು ಮೊಮ್ಮಕ್ಕಳಿಂದ ತುಂಬಿ ಗದ್ದಲವೋ ಗದ್ದಲ. ಅವರ ಬ್ಯಾರಿ ಭಾಷೆಯಲ್ಲಿ ತಾಯಿಗೆ ಉಮ್ಮ ಎನ್ನುತ್ತಾರೆ. ಮನೆಯವರೆಲ್ಲ ಕರೆಯುವುದು ಕೇಳಿ ನಾನೂ ಉಮ್ಮ ಎಂದೇ ಕರೆಯುತ್ತೇನೆ. ಕೋಣೆ ಕೇಳಲು ಹೋದ ದಿನ ಕೆಲಸ ಏನು ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೇಳಿಬಿಟ್ಟೆ.

"ಗಲ್ಫಿಗೆ ಹೋಗುವವರಿಗೆ ಮೆಡಿಕಲ್ ಮಾಡುವಾಗ ನೋಡ್ತಾರಲ್ಲ, ಅದೇ ಕಾಯಿಲೆಯಾ?" ಎಂದರು ಉಮ್ಮ.

"ಹೌದ್ರಿ, ಅದೇರಿ."

"ಅದು ನಮಗೆ ಗೊತ್ತುಂಟು. ಮೆಡಿಕಲ್‌ನಲ್ಲಿ ಫೇಲ್ ಅಂತ ಬಂದು, ಹೊಲಿಸಿದ ಹೊಸ ಬಟ್ಟೆ ಪೆಟ್ಟಿಗೆಯಲ್ಲೇ ಇಟ್ಟವರು ಈ ಊರಲ್ಲಿ ಉಂಟು. ಅವರು ಎಲ್ಲಿಗೆ ಹೋಗ್ಬೇಕು ಹೇಳು? ನೀನು ಅವರ ರಕ್ತ ಚಂದ ಮಾಡಿ ನೋಡು. ಕೋಣೆ ಬಾಗಿಲಿನ ಚಿಲಕ ಸ್ವಲ್ಪ ಗಟ್ಟಿ, ಎತ್ತಿ ತೆಗಿ."

ಅಷ್ಟೇ! ಚಿಲಕದ ಬಗ್ಗೆ ಹೇಳಿ ಒಳಗೆ ಹೋದರು. ಅತ್ತ ಸಿಂದಗಿಯಲ್ಲಿ ನಮ್ಮವ್ವ ಮಾತ್ರ ಇವತ್ತಿಗೂ ನೆಂಟರ ಮುಂದೆ "ನಮ್ಮ ಸುವರ್ಣಾ ರಕ್ತದ ಆಫೀಸಿನ್ಯಾಗ ಅದಾಳ" ಎಂದೇ ಹೇಳುತ್ತಾಳೆ. ಮಗಳಿಗೆ ಗಂಡು ಸಿಗಬೇಕಲ್ಲ ಎಂಬುದು ಅವಳ ಸಂಕಟ. ಅವ್ವಾ, ನೀನು ಇದನ್ನು ಓದುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಭಾಷೆಯ ಪಾಡು ಕೇಳಬೇಡಿ. ಇಲ್ಲಿ ಬಹುಪಾಲು ಜನ ಮನೆಯಲ್ಲಿ ಆಡುವುದು ತುಳು. ಕನ್ನಡ ಶಾಲೆಯದ್ದು, ಆಫೀಸಿನದ್ದು. ಹಾಗಾಗಿ ಒಂದೊಂದು ಪದವನ್ನೂ ಒಗೆದು ಮಡಚಿಟ್ಟ ಬಟ್ಟೆಯ ಹಾಗೆ ತೆಗೆದು ಇಡುತ್ತಾರೆ. ನಾನೋ, "ಬರ್ರಿ ಅಕ್ಕಾರ, ಯಾಕ್ ನಿಂತೀರಿ, ಒಳಗ ಬರ್ರಿ" ಎಂದು ಒಂದೇ ಉಸಿರಿಗೆ ಕರೆದರೆ ಲೀಲಕ್ಕ ಬಾಗಿಲಲ್ಲೇ ಹೆದರಿ ನಿಂತಿದ್ದರು. "ಸಿಸ್ಟರ್, ನೀವು ನನಗೆ ಬೈತಾ ಇದ್ದೀರಾ?" ಎಂದು ಕೇಳಿದರು. ಬೈಯುವುದೇ! ನಾನು ನನ್ನ ಬಾಯಲ್ಲಿದ್ದ ಅಷ್ಟೂ ಪ್ರೀತಿ ಹಾಕಿ ಕರೆದಿದ್ದೆ. ಈಗ ನಾನೂ ಮಾತನ್ನು ನಿಧಾನ ಮಾಡಿಕೊಂಡಿದ್ದೇನೆ. ಉಂಟು, ಇಲ್ಲ, ಎಂತ, ಹೋಗುವ ಎಂಬುದೆಲ್ಲ ತಾನಾಗಿ ಬಾಯಿಗೆ ಬರುತ್ತವೆ. ಫೋನಿನಲ್ಲಿ ಅಪ್ಪಿತಪ್ಪಿ "ಊಟ ಮಾಡ್ತೇನೆ" ಎಂದರೆ ನನ್ನ ತಮ್ಮ ದಿನವಿಡೀ ಅಣಕಿಸುತ್ತಾನೆ.

ಊಟದಲ್ಲಿ ಗೆದ್ದಿದ್ದೇನೆ ಎನ್ನಬಹುದು. ಮೊದಲು ಕುಚ್ಚಲಕ್ಕಿ ಗಂಜಿ ಕಂಡರೆ ಜ್ವರ ಬಂದವರ ನೆನಪಾಗುತ್ತಿತ್ತು. ಎಲ್ಲದಕ್ಕೂ ತೆಂಗಿನಕಾಯಿ, ರೊಟ್ಟಿ ಬಡಿಯುವ ಸದ್ದು ಎಲ್ಲೂ ಕೇಳದು. ಸಂಜೆ ಕೋಣೆಯಲ್ಲಿ ಕೂತು ಜೋಳದ ರೊಟ್ಟಿ ನೆನೆದು ಅತ್ತದ್ದೂ ಉಂಟು, ಅದರಲ್ಲಿ ನಾಚಿಕೆ ಏನು? ಒಂದು ದಿನ ಉಮ್ಮನ ಸೊಸೆ ಪತ್ತಿರ್ ಎಂಬ ತೆಳ್ಳಗಿನ ಅಕ್ಕಿ ರೊಟ್ಟಿ ತಂದುಕೊಟ್ಟಳು. ಅದಕ್ಕೆ ಅವ್ವ ಕಳಿಸಿದ ಶೇಂಗಾ ಚಟ್ನಿ ಹಚ್ಚಿ ತಿಂದೆ. ಹೇಗಿತ್ತು ಅಂತೀರಿ! ಈಗ ಆ ಮನೆಯ ಮಕ್ಕಳೆಲ್ಲ ನನ್ನ ಚಟ್ನಿ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದಾರೆ.

ಇನ್ನು ಲೀಲಕ್ಕನ ವಿಷಯ. ಮಗಳು ಬಸುರಿಯಾದ ಸುದ್ದಿಯನ್ನು ಅವರು ಮೊದಲು ಹೇಳಿದ್ದು ನನಗೆ, ರಕ್ತ ಕೊಡುವಾಗ. ಬಯಕೆ, ಅಂದರೆ ನಮ್ಮ ಸೀಮಂತ, ಮುಗಿಸಿ ಮಗಳು ತಾಯಿಯ ಮನೆಗೆ ಬರುತ್ತಾಳೆ. ಚೊಚ್ಚಲ ಬಾಣಂತನ ತಾಯಿಯದ್ದು, ಇದು ನಮ್ಮಲ್ಲೂ ಹಾಗೆಯೇ. ಹಂಡೆಯಲ್ಲಿ ನೀರು ಕಾಯಿಸಬೇಕು, ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯಬೇಕು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಬೇಕು. ಲೀಲಕ್ಕನಿಗೆ ಲೋಕದಲ್ಲಿ ಬೇರೆ ಏನೂ ಬೇಡ, ಅದೊಂದು ತನ್ನ ಕೈಯಿಂದ ಆಗಬೇಕು. ಮಗಳಿಗೆ ತಾಯಿಯ ಕಾಯಿಲೆ ಗೊತ್ತು. ಅಳಿಯನಿಗೂ ಗೊತ್ತು, ಒಳ್ಳೆಯವನು. ಅಳಿಯನ ತಾಯಿಗೆ ಗೊತ್ತಿಲ್ಲ.

"ಸಿಸ್ಟರ್, ಒಂದು ಕೇಳ್ತೇನೆ, ನಗಬೇಡಿ" ಎಂದರು ಆ ದಿನ. "ಮಗುವನ್ನು ನಾನು ಮುಟ್ಟಬಹುದಲ್ಲ?"

"ಅಯ್ಯ, ಇದೇನ್ ಲೀಲಕ್ಕ! ಮುಟ್ಟುವುದರಿಂದ, ಎತ್ತುವುದರಿಂದ, ಸ್ನಾನ ಮಾಡಿಸುವುದರಿಂದ ಇದು ಯಾವತ್ತೂ ಬರುವುದಿಲ್ಲ. ಮಾತ್ರೆ ಇಲ್ಲದ ಕಾಲದಲ್ಲೂ ಬರುತ್ತಿರಲಿಲ್ಲ. ನಿಮ್ಮ ಮಗಳನ್ನು ಎತ್ತಿ ಬೆಳೆಸಿದ್ದು ನೀವೇ ಅಲ್ಲವಾ?"

"ಎತ್ತಿದ್ದೇನೆ. ಆದ್ರೆ ಗೊತ್ತಾದ ಮೇಲೆ ಅವಳಿಗೆ ಒಂದು ಮುತ್ತು ಕೊಟ್ಟವಳಲ್ಲ ನಾನು. ಯಾರೂ ಕೊಡಬೇಡ ಅಂತ ಹೇಳಲಿಲ್ಲ. ಕೊಡಬಹುದು ಅಂತಲೂ ಹೇಳಲಿಲ್ಲ" ಎಂದರು.

ನನಗೆ ಅಳು ಉಕ್ಕಿ ಬಂತು. ಕೈಯಲ್ಲಿ ಸೂಜಿ ಇತ್ತು, ಹಾಗಾಗಿ ಹೇಗೋ ತಡೆದುಕೊಂಡೆ.

ಲೀಲಕ್ಕನ ಕಿಡ್ನಿಯ ಮೇಲೆ ನಮ್ಮ ಡಾಕ್ಟರಿಗೆ ಆಗಲೇ ಕಣ್ಣಿತ್ತು. ಅವರು ನುಂಗುತ್ತಿದ್ದ ಹಳೆಯ ಮಾತ್ರೆ ಕೆಲವರಲ್ಲಿ ಎಲುಬಿನ ಜೊತೆ ಕಿಡ್ನಿಯನ್ನೂ ದಣಿಸುತ್ತದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ಅಂಶ ಅವರ ರಕ್ತದಲ್ಲಿ ಮೆಲ್ಲ ಏರುತ್ತಿತ್ತು. ಇನ್ನೊಮ್ಮೆ ನೋಡಿ ತೀರ್ಮಾನಿಸೋಣ ಎಂದಿದ್ದರು. ಖಾಲಿ ಹೊಟ್ಟೆಯ ಪರೀಕ್ಷೆಗೆ ಲೀಲಕ್ಕನ ಜೊತೆ ಇನ್ನೂ ಕೆಲವರಿಗೆ ಒಂದೇ ದಿನ ನಿಗದಿಯಾಗಿತ್ತು. ದಿನಾಂಕ ಬೆಂಗಳೂರಿನ ನಮ್ಮ ಮುಖ್ಯ ಕಚೇರಿಯಿಂದ ಬಂದದ್ದು. ಡಾಕ್ಟರು ಮೈಸೂರಿನವರು, ನಾನು ಸಿಂದಗಿಯವಳು, ಉಳಿದಿರುವುದು ಬ್ಯಾರಿ ಮನೆಯ ನನ್ನ ಉಮ್ಮ. ಆ ದಿನ ತುಳುವರಿಗೆ ಏನೆಂದು ನಮಗ್ಯಾರು ಹೇಳಬೇಕು?

ಫಲಿತಾಂಶ ಬಂತು. ಲೀಲಕ್ಕನ ಅಂಕಿ ಒಮ್ಮೆಲೇ ಜಿಗಿದಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಂಗಳೂರಿಗೆ ಕಳಿಸಬೇಕು ಸುವರ್ಣಾ. ಅಡ್ಮಿಟ್ ಆಗಬೇಕಾಗಬಹುದು. ಬೇಗ ಕರೆಸು" ಎಂದರು.

ಕರೆಸಿದೆ. ಲೀಲಕ್ಕ ಕೂತು ಕೇಳಿದರು. ಈ ಸಲ ನಗು ಬರಲಿಲ್ಲ. "ಅಡ್ಮಿಟ್ ಆದ್ರೆ ಬೀಗತಿ ನೋಡಲಿಕ್ಕೆ ಬರ್ತಾರೆ. ಎಂತ ಕಾಯಿಲೆ, ಯಾವ ಮಾತ್ರೆ ಅಂತ ಕೇಳ್ತಾರೆ. ಬೇಡ ಅಂತ ಹೇಳಲಿಕ್ಕೆ ಆಗ್ತದಾ? ಮಗಳ ಬಾಣಂತನ ಅಲ್ಲಿಯೇ ಆಗಲಿ ಅಂತಾರೆ. ಮತ್ತೆ ಮಗುವನ್ನು ನನ್ನ ಹತ್ತಿರ ಬಿಡ್ತಾರಾ?" ಎಂದರು. ಡಾಕ್ಟರು ವರದಿಯನ್ನು ಮತ್ತೊಮ್ಮೆ ತಿರುವಿ ನೋಡಿದರು. ನನಗಂತೂ ಆ ಅಂಕಿಯನ್ನು ಹರಿದು ಬಿಸಾಡುವಷ್ಟು ಕೋಪ.

ಕೋಪದಲ್ಲೇ, ಕೇಳಬೇಕಾದ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿದೆ. "ಆ ದಿನ ಬೆಳಿಗ್ಗೆ ಏನಾದರೂ ತಿಂದಿದ್ದಿರಾ?"

"ಇಲ್ಲಪ್ಪ. ನೀವು ಹೇಳಿದ ಹಾಗೆ ಖಾಲಿ ಹೊಟ್ಟೆ."

"ಚಹಾ?"

"ಇಲ್ಲ. ನೀರು ಕೂಡ ಇಲ್ಲ. ಬಸ್ಸಲ್ಲಿ ಬರುವ ದಿನ ನಾನು ನೀರು ಕುಡಿಯುವುದೇ ಇಲ್ಲ. ದಾರಿಯಲ್ಲಿ ಎಲ್ಲಿಗೆ ಹೋಗುವುದು? ಕಷಾಯ ಒಂದು ಕುಡಿದದ್ದು, ಅಷ್ಟೇ."

ಡಾಕ್ಟರ ತಲೆ ಮೇಲೆದ್ದಿತು. "ಯಾವ ಕಷಾಯಮ್ಮ?"

"ಆಟಿ ಅಮಾವಾಸ್ಯೆದು! ಹಾಲೆ ಮರದ ಕಷಾಯ. ಅದು ತಿಂದ ಲೆಕ್ಕ ಅಲ್ಲವಲ್ಲ ಡಾಕ್ಟ್ರೆ, ಖಾಲಿ ಹೊಟ್ಟೆಗೇ ಕುಡಿಯುವುದು ಅದು. ಏನಾದರೂ ತಿಂದು ಕುಡಿದರೆ ಪ್ರಯೋಜನ ಇಲ್ಲ."

ನಮ್ಮ ಕಡೆಯ ಓದುಗರಿಗೆ ಹೇಳಬೇಕು. ಆಟಿ ಎಂದರೆ ನಮ್ಮ ಆಷಾಢದ ಹೊತ್ತಿಗೆ ಬರುವ ತುಳು ತಿಂಗಳು. ಆ ತಿಂಗಳ ಅಮಾವಾಸ್ಯೆಯ ದಿನ ಹಾಲೆ ಎಂಬ ಮರದಲ್ಲಿ ಸಕಲ ಔಷಧವೂ ಬಂದು ಸೇರುತ್ತದೆಂದು ಇಲ್ಲಿಯವರ ನಂಬಿಕೆ. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಲ್ಲೇ ಜಜ್ಜಿ ತೊಗಟೆ ತೆಗೆದು ತರುತ್ತಾರೆ. ಅದರ ರಸಕ್ಕೆ ಬೆಳ್ಳುಳ್ಳಿ, ಮೆಣಸು, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಚುಂಯ್ ಎಂದು ಅದ್ದಿ, ಮನೆಯವರೆಲ್ಲ ಒಂದೊಂದು ಲೋಟ ಕಣ್ಣು ಮುಚ್ಚಿ ಕುಡಿಯುತ್ತಾರೆ. ಕಹಿ ಎಂದರೆ ಬೇವು ಇದರ ಮುಂದೆ ಬೆಲ್ಲ. ಆಮೇಲೆ ಮೈ ತಂಪಾಗಲಿ ಎಂದು ಮೆಂತೆ ಗಂಜಿ. ರಕ್ತ ಕೊಡಲಿಕ್ಕಿದೆ ಎಂದು ಲೀಲಕ್ಕ ಆ ಗಂಜಿ ಬಿಟ್ಟು ಬಂದಿದ್ದರು, ಕಷಾಯ ಬಿಟ್ಟಿರಲಿಲ್ಲ.

ಉಳಿದವರಿಗೂ ಫೋನ್ ಮಾಡಿ ಕೇಳಿದೆ. ತುಳುವರ ಮನೆಯವರೆಲ್ಲ ಕುಡಿದೇ ಬಂದಿದ್ದರು! ಒಬ್ಬರಂತೂ, "ಕುಡಿಯದೆ ಇರಲಿಕ್ಕೆ ಆಗ್ತದಾ? ಆಸ್ಪತ್ರೆಗೆ ಬರುವ ದಿನವೇ ಮದ್ದು ಬಿಡುವುದಾ?" ಎಂದು ನನಗೇ ಗದರಿದರು. ಡಾಕ್ಟರು ಹಣೆ ಹಿಡಿದುಕೊಂಡು ಕೂತವರು ನಗಲಾರಂಭಿಸಿದರು. "ನಾವು ಆ ದಿನ ರಕ್ತ ಪರೀಕ್ಷೆ ಮಾಡಿಲ್ಲ ಕಣೆ, ಕಷಾಯ ಪರೀಕ್ಷೆ ಮಾಡಿದ್ದೀವಿ!" ನಕ್ಕು ಮುಗಿದ ಮೇಲೆ ಗಂಭೀರವಾದರು. ಅಂಕಿ ಏರಿದ್ದಕ್ಕೆ ತೊಗಟೆ ಕಾರಣವೋ, ಗಂಟಲಿಗೆ ನೀರೇ ಇಳಿಸದೆ ಬಂದದ್ದು ಕಾರಣವೋ, ಅಥವಾ ಕಿಡ್ನಿಯೇ ನಿಜವಾಗಿ ಸೋಲುತ್ತಿದೆಯೋ, ಈಗ ಹೇಳಲಾಗದು. ಎಲ್ಲರಿಗೂ ಮತ್ತೆ ಪರೀಕ್ಷೆ ಮಾಡಬೇಕು. ಲೀಲಕ್ಕನಿಗೆ ಬೇಗ, ಬೇರೆ ಏನೂ ಹೊಟ್ಟೆಗೆ ಹಾಕದೆ, ನೀರು ಮಾತ್ರ ಚೆನ್ನಾಗಿ ಕುಡಿದು.

ನೀರು ಕುಡಿದು ಬಸ್ಸು ಹತ್ತಿ ಎಂದರೆ ಲೀಲಕ್ಕ ಒಪ್ಪಬೇಕಲ್ಲ? ನನಗೊಂದು ಯೋಚನೆ ಬಂತು. ನನ್ನ ಕೋಣೆ ಬಸ್‌ಸ್ಟಾಂಡಿಗೆ ಹತ್ತಿರ. ಇಳಿದವರು ಅಲ್ಲಿಗೆ ಬಂದು, ದಣಿವಾರಿಸಿಕೊಂಡು, ಬೇಕಾದಷ್ಟು ನೀರು ಕುಡಿದು ಆಮೇಲೆ ರಕ್ತ ಕೊಡಬಹುದು. ಉಮ್ಮನ ಹತ್ತಿರ ಹೋಗಿ, "ನಾಳೆ ಒಬ್ಬರು ಬರ್ತಾರೆ ಉಮ್ಮ, ಸ್ವಲ್ಪ ಹೊತ್ತು ಕೂತು ಹೋಗ್ತಾರೆ, ನನ್ನ..." ಎಂದು ತಡವರಿಸಿದೆ.

"ಯಾರು ಅಂತ ನಾನು ಕೇಳಿದ್ನಾ?" ಎಂದರು ಉಮ್ಮ. "ನೀನೂ ಹೇಳಬೇಡ. ಮಾಳಿಗೆ ಹತ್ತಿಸಬೇಡ, ಪಾಪ. ಕೆಳಗೆ ನನ್ನ ಕೋಣೆಯಲ್ಲಿ ಕೂರಲಿ."

ಮರುದಿನ ಲೀಲಕ್ಕ ಉಮ್ಮನ ಮಂಚದ ಮೇಲೆ ಸಂಕೋಚದಿಂದ ತುದಿಯಲ್ಲಿ ಕೂತಿದ್ದರು. ಉಮ್ಮ ತಂಬಿಗೆ ತುಂಬ ನೀರು, ಬೆಲ್ಲದ ತುಂಡು ತಂದಿಟ್ಟರು. ಬೆಲ್ಲ ಈಗ ಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಉಮ್ಮ ಅದನ್ನು ಕಾಗದದಲ್ಲಿ ಸುತ್ತಿ ಲೀಲಕ್ಕನ ಕೈಯಲ್ಲಿಟ್ಟು, "ಮತ್ತೆ ತಿನ್ನುವಿರಂತೆ. ಈಗ ನೀರು ಕುಡಿಯಿರಿ" ಎಂದು ತುಳುವಿನಲ್ಲಿ ಮಾತಿಗೆ ಕೂತರು. ಕೋಳಿಯ ವಿಷಯ, ಸೊಸೆಯಂದಿರ ವಿಷಯ, ಬೀಡಿ ಎಲೆಯ ವಿಷಯ. ಬೀಡಿ ಎಲೆಯ ವಿಷಯ ಬಂದಾಗ ಗೊತ್ತಾಯಿತು, ಉಮ್ಮನೂ ಹಿಂದೆ ಬೀಡಿ ಕಟ್ಟಿದವರೇ. ಅವರವರ ಬೆರಳು ಚಾಚಿ ತೋರಿಸಿಕೊಂಡರು. ನನಗೆ ಅರ್ಧ ಮಾತು ಅರ್ಥವಾಗಲಿಲ್ಲ, ಆದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಈ ಸಲದ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು. ನಾನು ವರದಿ ಹಿಡಿದು ಕುಣಿದೇಬಿಟ್ಟೆ. ಡಾಕ್ಟರು, "ಏಯ್ ನಿಧಾನ, ಪೂರ್ತಿ ಸರಿ ಇಲ್ಲ" ಎಂದರು. ಕಿಡ್ನಿ ದಣಿದಿರುವುದು ನಿಜ, ಸೋತಿಲ್ಲ. ಆಸ್ಪತ್ರೆಗೆ ಸೇರುವುದು ಬೇಡ. ಮಾತ್ರೆ ಬದಲಿಸಿ, ಎಲುಬಿಗೆ ಬೇಕಾದ್ದು ಕೊಟ್ಟು ಆಗಾಗ ನೋಡುತ್ತಿದ್ದರೆ ಸಾಕು. ಕಷಾಯದ ದಿನ ಕಷಾಯ ಕುಡಿಯುವ ಮೊದಲು ನಮ್ಮನ್ನು ಕೇಳಬೇಕು, ಭಾರದ ಕೊಡ ಎತ್ತಬಾರದು.

"ಕೊಡ ಮಗಳ ಗಂಡ ಎತ್ತಲಿ" ಎಂದರು ಲೀಲಕ್ಕ. "ಮಗುವನ್ನು ನಾನು ಎತ್ತುತ್ತೇನೆ."

ನವರಾತ್ರಿ ಕಳೆದ ಮೇಲೆ ಹೆಣ್ಣು ಮಗು ಹುಟ್ಟಿತು. ಲೀಲಕ್ಕ ಫೋನ್ ಮಾಡಿ ಮನೆಗೆ ಬರಲೇಬೇಕು ಎಂದು ಹಟ ಹಿಡಿದರು. ಹಾಗೆ ಹೋಗುವುದು ನಮ್ಮ ಕೆಲಸದ ರೀತಿಯಲ್ಲ. ಡಾಕ್ಟರನ್ನು ಕೇಳಿದೆ. "ಅವರಾಗಿಯೇ ಕರೆದಿದ್ದಾರೆ. ಹೋಗು, ಆದರೆ ಸಿಸ್ಟರ್ ಆಗಿ ಹೋಗಬೇಡ" ಎಂದರು. ಮಗಳ ಕಾಲೇಜಿನ ಗೆಳತಿ ಎಂದು ಹೇಳುವುದು ಅಂತ ಲೀಲಕ್ಕನೇ ಕಟ್ಟುನಿಟ್ಟಾಗಿ ಪಾಠ ಮಾಡಿದ್ದರು.

ಬಚ್ಚಲಿನಲ್ಲಿ ಹೊಗೆ, ಎಣ್ಣೆಯ ಪರಿಮಳ. ಬೀಗತಿ ಬಾಗಿಲ ಬಳಿ ಮಣೆ ಹಾಕಿ ಕೂತಿದ್ದರು. ನಾನು ಯಾವ ಊರಿನವಳು, ಎಲ್ಲಿ ಕೆಲಸ ಎಂದು ಕೇಳಿದರು. ಸಿಂದಗಿ ಎಂದೆ, ಲ್ಯಾಬಿನಲ್ಲಿ ಎಂದೆ. ಅಷ್ಟರಲ್ಲಿ ಲೀಲಕ್ಕ ಸೀರೆ ಮೊಣಕಾಲಿನವರೆಗೆ ಸರಿಸಿ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡರು. ಒಂದು ಕೈ ಮಗುವಿನ ತಲೆಯ ಕೆಳಗೆ. ಇನ್ನೊಂದು ಕೈಯಲ್ಲಿ ನೀರು ತೆಗೆದು, ಮೊದಲು ತಮ್ಮ ಕಾಲಿಗೆ ಹೊಯ್ದು ಬಿಸಿ ನೋಡಿ, ಆಮೇಲೆ ಮಗುವಿನ ಎದೆಗೆ. ಮಗು ಒಮ್ಮೆ ಬೆಚ್ಚಿ ಬಾಯಿ ತೆರೆಯಿತು, ಅಳಲಿಲ್ಲ. ಬೆನ್ನು, ತೋಳು, ಬೆರಳ ಸಂದು. ಪಾದ ಕೈಗೆ ಸಿಕ್ಕಾಗ ಲೀಲಕ್ಕ ಬಗ್ಗಿ ಅದಕ್ಕೊಂದು ಮುತ್ತು ಕೊಟ್ಟು, ಏನೂ ಆಗದವರ ಹಾಗೆ ಮತ್ತೆ ನೀರು ತೆಗೆದರು. ಮಗಳು ಒಳಗಿನಿಂದ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಇದ್ದದ್ದನ್ನು ನೋಡಲಾರದೆ ನಾನು ಒಲೆಯ ಕಡೆ ತಿರುಗಿದೆ. ನಾನು ಎಷ್ಟೋ ಯಂತ್ರಗಳನ್ನು, ಎಷ್ಟೋ ವರದಿಗಳನ್ನು ನೋಡಿದ್ದೇನೆ. ಔಷಧ ಎಂದರೆ ಏನು ಮಾಡಬಲ್ಲದು ಎಂಬುದನ್ನು ನೋಡಿದ್ದು ಆ ಬಚ್ಚಲಿನಲ್ಲಿ.

"ಎಷ್ಟು ಚಂದ ಮೀಯಿಸ್ತೀರಿ ಲೀಲಕ್ಕ, ನನಗೆ ಹೀಗೆ ಬರುವುದಿಲ್ಲ ಮಾರಾಯ್ರೆ" ಎಂದರು ಬೀಗತಿ ಹೊಟ್ಟೆಕಿಚ್ಚಿಲ್ಲದೆ.

ಲೀಲಕ್ಕ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಕೊಟ್ಟರು. ಬೆಚ್ಚಗೆ, ಹಗುರ. ನಮ್ಮವ್ವನ ನೆನಪು ಉಕ್ಕಿತು. ನನ್ನ ಮದುವೆ, ನನ್ನ ಬಾಣಂತನ ಎಂದು ಅವಳು ಟ್ರಂಕಿನಲ್ಲಿ ಹಳೆಯ ಮೆತ್ತನೆ ಸೀರೆ ಕೂಡಿಡುತ್ತಿದ್ದಾಳೆ. ವರ್ಷಕ್ಕೊಮ್ಮೆ ಬಿಸಿಲಿಗೆ ಹರವುತ್ತಾಳೆ. ನಾನು ಇತ್ತ ಗುಡ್ಡದ ಹಿಂದೆ, ಹೆಸರು ಹೇಳಲಾಗದವರ ಮನೆಯಲ್ಲಿ, ಇನ್ನೊಬ್ಬರ ಗೆಳತಿಯಾಗಿ ಕೂತಿದ್ದೇನೆ. ಈ ಮನೆ ಯಾರದೆಂದು ಅವ್ವನಿಗೆ ಹೇಳುವ ಹಾಗಿಲ್ಲ. ಸಿಂದಗಿಯ ಸುದ್ದಿಯನ್ನು ಇಲ್ಲಿ ಹೇಳಿದರೆ ಎರೆ ಹೊಲ ಇವರ ಕಣ್ಣಿಗೆ ಕಟ್ಟುವುದಿಲ್ಲ.

ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಲೀಲಕ್ಕ ಅಂಗಳದ ಕೊನೆಯವರೆಗೆ ಬಂದರು. ಅಲ್ಲಿಯವರೆಗೆ ನನಗೆ ಸಿಸ್ಟರ್, ನೀವು ಎನ್ನುತ್ತಿದ್ದವರು ನನ್ನ ಕೈ ಹಿಡಿದುಕೊಂಡು ಹೇಳಿದರು:

"ಬೇಗ ಮದುವೆ ಆಗು ಮಾರಾಯ್ತಿ. ನಿನ್ನ ಅಮ್ಮನ ಊರು ಭಾರೀ ದೂರ ಅಲ್ವಾ? ಬಾಣಂತನಕ್ಕೆ ಅಷ್ಟು ದೂರ ಹೋಗುವುದು ಬೇಡ. ಇಲ್ಲಿಗೇ ಬಾ. ನಾನು ಇರ್ತೇನೆ."

ಇರ್ತೇನೆ! ಹೂಂ ಎನ್ನಲು ಬಾಯಿ ತೆರೆದೆ. ಅತ್ತ ಟ್ರಂಕು ಮುಚ್ಚಿಡುವ ಅವ್ವ ಕಂಡಳು, ಇತ್ತ ನನ್ನ ಕೈ ಹಿಡಿದು ನಿಂತ ಲೀಲಕ್ಕ. ಯಾರಿಗೂ ಬೇಡ ಎನ್ನಲಾಗದೆ, ಆ ಕೈಯನ್ನು ಬಿಡದೆ ನಿಂತೆ. ಅಷ್ಟರಲ್ಲಿ ಬಸ್ಸು ಬಂತು.